ಸೆನ್ಸರ್ ದೊಡ್ಡದು, ಕಿಂಡಿ ಚಿಕ್ಕದು

ಇಎಂಐನಲ್ಲಿ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ತಗೊಂಡೆ, ಲೆನ್ಸಿಗೆ ದುಡ್ಡು ಉಳೀಲಿಲ್ಲ. ಕಿಟ್ ಲೆನ್ಸಲ್ಲೇ ಅಕ್ಕನ ರಿಸೆಪ್ಷನ್ ಶೂಟ್ ಮಾಡಿದೆ. ಫೋಟೋ ಪೂರ್ತಿ ನಾಯ್ಸ್. ಅಕ್ಕ ಇವತ್ತಿಗೂ ಆ ಆಲ್ಬಮ್ ತೆಗೆಯಲ್ಲ.

ತಪ್ಪಿದ್ದೆಲ್ಲಿ? ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ಮೈಕ್ರೋ ಫೋರ್ ಥರ್ಡ್ಸ್ 17.3×13. ವಿಸ್ತೀರ್ಣದಲ್ಲಿ ಸುಮಾರು ನಾಲ್ಕು ಪಟ್ಟು ವ್ಯತ್ಯಾಸ. ಆದ್ರೆ ಬೆಳಕು ಒಳಗೆ ಬರೋದು ಲೆನ್ಸಿನ ಕಿಂಡಿಯಿಂದ. ಫೋಕಲ್ ಲೆಂತನ್ನು ಎಫ್ ನಂಬರಿನಿಂದ ಭಾಗಿಸಿದ್ರೆ ಆ ಕಿಂಡಿಯ ಅಗಲ ಸಿಗುತ್ತೆ. ಬಿಕಾಂ ಓದಿದವನಿಗೂ ಬರೋ ಲೆಕ್ಕ! ನನ್ನ ಕಿಟ್ ಲೆನ್ಸ್ 50 ಮಿ.ಮೀ.ಗೆ ಜೂಮ್ ಮಾಡಿದಾಗ ಎಫ್ 6.3, ಅಂದ್ರೆ ಬರೀ 8 ಮಿ.ಮೀ. ಕಿಂಡಿ. ಚಿಕ್ಕ ಸೆನ್ಸರಲ್ಲಿ ಹೆಚ್ಚುಕಮ್ಮಿ ಅದೇ ನೋಟ ಕೊಡೋ 25 ಮಿ.ಮೀ. ಎಫ್ 1.4 ಲೆನ್ಸಿಗೆ ಸುಮಾರು 18. ಅದೇ ಶಟರ್ ಸ್ಪೀಡಲ್ಲಿ ಆ ಚಿಕ್ಕ ಕ್ಯಾಮೆರಾಗೆ ಸುಮಾರು ಐದು ಪಟ್ಟು ಬೆಳಕು.

ಹಾಗಂತ ದೊಡ್ಡ ಸೆನ್ಸರ್ ದಂಡ ಅಲ್ಲ. ಅದಕ್ಕೆ 50 ಮಿ.ಮೀ. ಎಫ್ 1.8 ಹಾಕಿದ್ರೆ ಕಿಂಡಿ 28 ಮಿ.ಮೀ. ಆಗುತ್ತೆ. ಚಿಕ್ಕದರಲ್ಲಿ ಅಷ್ಟು ಬೇಕಂದ್ರೆ 25 ಮಿ.ಮೀ. ಎಫ್ 0.9 ಲೆನ್ಸ್ ಬೇಕು. ಅಂಥದ್ದನ್ನ ತಯಾರಿಸೋದೇ ಕಷ್ಟ, ಬೆಲೆನೂ ಜಾಸ್ತಿ.

ಆ 50 ಎಫ್ 1.8ಗೆ ಈಗ ದುಡ್ಡು ಕೂಡಿಡ್ತಿದ್ದೀನಿ. ತಂಗಿ ಮದುವೆ ಮುಂದಿನ ವರ್ಷ.