ಕಂಬಕ್ಕೆ ಬಂತು, ಮನೆಗೆ ಬರಲಿಲ್ಲ

ನಮ್ಮದು ಚಿಕ್ಕ ಊರು. 180 ಮನೆ ಇವೆ. ಊರ ಮುಂದೆ ಅರಳಿಕಟ್ಟೆ ಇದೆ. ಕಟ್ಟೆಯ ಪಕ್ಕ ಒಂದು ಕಂಬ. ಒಂದು ದಿನ ಆ ಕಂಬಕ್ಕೆ ಕಪ್ಪು ಕೇಬಲ್ ಎಳೆದರು. ಒಂದು ಪುಟ್ಟ ಪೆಟ್ಟಿಗೆಯನ್ನೂ ಕಟ್ಟಿದರು.

"ಇನ್ನು ಮನೆ ಮನೆಗೂ ನೆಟ್ ಬರುತ್ತೆ" ಎಂದರು. ನಮಗೆ ಖುಷಿಯಾಯಿತು.

"ಹೆಂಗಸರಿಗೆ ಯಾಕ್ರಮ್ಮ ನೆಟ್ಟು?" ಎಂದು ಕೆಲವರು ನಕ್ಕರು. ನಮ್ಮ ಕಷ್ಟ ನಮಗೆ ಗೊತ್ತು. ನಮ್ಮ ಸಂಘದ ಒಬ್ಬ ಅಕ್ಕನ ಮಗಳು ನರ್ಸಿಂಗ್ ಓದುತ್ತಾಳೆ. ನಮ್ಮೂರ ಮನೆಗಳ ಒಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಪಾಠ ನೋಡಲು ಅವಳು ಗುಡ್ಡ ಹತ್ತಬೇಕು. ಒಂದು ಸಂಜೆ ಅಲ್ಲೇ ಕೂತು ವಿದ್ಯಾರ್ಥಿವೇತನದ ಅರ್ಜಿ ತುಂಬಿದಳು. ಅದೇ ಕೊನೆಯ ದಿನ. ಮಳೆ ಬಂತು. ಸಿಗ್ನಲ್ ಹೋಯಿತು. ಅರ್ಜಿ ಹೋಗಲಿಲ್ಲ. ಆ ವರ್ಷದ ದುಡ್ಡು ತಪ್ಪಿತು.

ಆ ಅಕ್ಕ ಸಂಘದಲ್ಲಿ ಸಾಲ ತೆಗೆದಳು. ನೆಟ್ ಕಂಪನಿಯವನಿಗೆ 1,500 ರೂಪಾಯಿ ಕಟ್ಟಿದಳು.

"ಎಂಟು ದಿನ ಅಷ್ಟೇ ಅಕ್ಕಾ" ಎಂದ ಅವನು.

ಎಂಟು ದಿನ ಹೋಯಿತು. ತಿಂಗಳು ಹೋಯಿತು. ಫೋನ್ ಮಾಡಿದರೆ "ಇವತ್ತು ಬರ್ತೀವಿ, ನಾಳೆ ಬರ್ತೀವಿ" ಎನ್ನುತ್ತಿದ್ದರು. ನಾಲ್ಕನೇ ತಿಂಗಳು ಲೈನ್‌ಮನ್ ಬಂದ. ಕಂಬ ಹತ್ತಿ ಪೆಟ್ಟಿಗೆ ತೆರೆದು ನೋಡಿದ.

"ಪೋರ್ಟ್ ಖಾಲಿ ಇಲ್ಲಮ್ಮ. ಕನೆಕ್ಷನ್ ಕೊಡಕ್ಕಾಗಲ್ಲ" ಎಂದ.

"ಹಂಗಾದ್ರೆ ದುಡ್ಡು ಯಾಕೆ ಇಸ್ಕೊಂಡ್ರಿ?" ಎಂದು ಕೇಳಿದೆವು.

"ಅದು ಆಫೀಸಿನವರಿಗೆ ಗೊತ್ತು" ಎಂದು ಹೊರಟುಹೋದ.

ಪೋರ್ಟ್ ಅಂದರೆ ಏನು?

ಬೀದಿಯ ನೀರಿನ ತೊಂಬೆ ನಿಮಗೆ ಗೊತ್ತು. ಒಂದು ದಪ್ಪ ಪೈಪಿನಿಂದ ಅದಕ್ಕೆ ನೀರು ಬರುತ್ತದೆ. ಕೆಳಗೆ ನಾಲ್ಕು ನಲ್ಲಿ ಇರುತ್ತವೆ. ನಾಲ್ಕು ನಲ್ಲಿಗೂ ಪೈಪು ಸಿಕ್ಕಿಸಿದರೆ ಐದನೆಯವಳು ಎಲ್ಲಿ ಸಿಕ್ಕಿಸಬೇಕು? ತೊಂಬೆಯ ತುಂಬ ನೀರಿದೆ. ಆದರೆ ಅವಳಿಗೆ ನಲ್ಲಿ ಇಲ್ಲ.

ಕಂಬದ ಪೆಟ್ಟಿಗೆಯೂ ಹೀಗೆಯೇ. ಕಪ್ಪು ಕೇಬಲ್ ಒಳಗೆ ಗಾಜಿನ ಎಳೆ ಇರುತ್ತದೆ. ಅದು ಕೂದಲಿನಷ್ಟು ಸಣ್ಣ. ಅದಕ್ಕೆ ಫೈಬರ್ ಎನ್ನುತ್ತಾರೆ. ಅದರಲ್ಲಿ ಬೆಳಕು ಓಡುತ್ತದೆ. ಆ ಬೆಳಕೇ ಪಾಠ, ಪತ್ರ, ಚಿತ್ರ ಎಲ್ಲವನ್ನೂ ಹೊತ್ತು ತರುತ್ತದೆ. ಪೆಟ್ಟಿಗೆಯಲ್ಲಿ ಒಂದು ಎಳೆಯ ಬೆಳಕನ್ನು ಹಲವು ಮನೆಗೆ ಹಂಚುತ್ತಾರೆ. ಒಂದೊಂದು ಮನೆಗೆ ಒಂದೊಂದು ಜಾಗ. ಆ ಜಾಗವೇ ಪೋರ್ಟ್. ನಮ್ಮ ಪೆಟ್ಟಿಗೆಯಲ್ಲಿ 8 ಜಾಗ ಇದ್ದವು. ಎಂಟೂ ತುಂಬಿದ್ದವು.

ಎಷ್ಟು ಮನೆಗೆ ಬೇಕಾದರೂ ಹಂಚಬಹುದೇ? ಆಗುವುದಿಲ್ಲ. ಹಂಚಿದಷ್ಟೂ ಬೆಳಕು ಮಂಕಾಗುತ್ತದೆ. ಸಾಮಾನ್ಯವಾಗಿ ಒಂದು ಎಳೆಯನ್ನು 32 ಅಥವಾ 64 ಮನೆಗೆ ಹಂಚುತ್ತಾರೆ. ಆಮೇಲೆ ಹೊಸ ಎಳೆ, ಹೊಸ ಯಂತ್ರ ಬೇಕು. ಅದಕ್ಕೆ ಖರ್ಚಿದೆ. ಗಿರಾಕಿಗಳು ಕಡಿಮೆ ಎಂದು ಕಂಪನಿಯವರು ಚಿಕ್ಕ ಊರನ್ನು ಹಿಂದಕ್ಕೆ ತಳ್ಳುತ್ತಾರೆ.

ರಸೀದಿ ಓದಿದೆವು

ಆ ರಾತ್ರಿ ಸಂಘದಲ್ಲಿ ಅಕ್ಕನ ರಸೀದಿ ಬಿಚ್ಚಿದೆವು. ಹಿಂಭಾಗದಲ್ಲಿ ಸಣ್ಣ ಅಕ್ಷರ ಇದ್ದವು. ಅಕ್ಷರ ಕೂಡಿಸಿ ಕೂಡಿಸಿ ಓದಿದೆವು. "ತಾಂತ್ರಿಕ ಸಾಧ್ಯತೆಗೆ ಒಳಪಟ್ಟು ಸಂಪರ್ಕ ನೀಡಲಾಗುವುದು" ಎಂದು ಇತ್ತು. ಅಂದರೆ, ಪೆಟ್ಟಿಗೆಯಲ್ಲಿ ಜಾಗ ಇದ್ದರೆ ಮಾತ್ರ ಕೊಡುತ್ತೇವೆ ಎಂದು ಅರ್ಥ. ಅಕ್ಕ ಇದನ್ನು ಓದದೆ ಸಹಿ ಹಾಕಿದ್ದಳು. ನಾವಾದರೂ ಅಷ್ಟೇ ಮಾಡುತ್ತಿದ್ದೆವು.

ಸರ್ಕಾರದ ಕೇಬಲ್ ಎಲ್ಲಿ?

ಹಳ್ಳಿಗಳಿಗೆ ಫೈಬರ್ ತರಲು ಕೇಂದ್ರ ಸರ್ಕಾರದ ಯೋಜನೆಯೂ ಇದೆ. ಅದಕ್ಕೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಅದರ ಹೆಸರು ಭಾರತ್‌ನೆಟ್. ಮೊದಲ ಗುರಿ ಗ್ರಾಮ ಪಂಚಾಯಿತಿ ಕಚೇರಿ. ಆದರೆ ಪಂಚಾಯಿತಿ ಇರುವುದು ಒಂದು ಊರಲ್ಲಿ. ಅದಕ್ಕೆ ಸೇರಿದ ಊರುಗಳು ಹಲವು. ಕಚೇರಿಗೆ ಬಂದ ಕೇಬಲ್ ನಮ್ಮ ಹೊಸಿಲಿಗೆ ಬಂದಂತೆ ಅಲ್ಲ.

2023ರ ಆಗಸ್ಟ್‌ನಲ್ಲಿ ಸರ್ಕಾರ ಈ ಯೋಜನೆಯನ್ನು ತಿದ್ದಿತು. ಪಂಚಾಯಿತಿ ಕಚೇರಿ ಇಲ್ಲದ ಊರುಗಳಿಗೂ, ಬೇಡಿಕೆ ಬಂದರೆ, ಫೈಬರ್ ಕೊಡುವುದು ಎಂದು ಸೇರಿಸಿತು. "ಬೇಡಿಕೆ ಬಂದರೆ" ಎಂಬ ಮಾತನ್ನು ಗಮನಿಸಿ. ನಾವು ಕೇಳದೆ ಕೂತರೆ ಬೇಡಿಕೆ ಇದೆ ಎಂದು ಯಾರಿಗೆ ಗೊತ್ತಾಗಬೇಕು?

ನಾವು ಏನು ಮಾಡಿದೆವು?

ಮೊದಲು 1915ಕ್ಕೆ ಫೋನ್ ಮಾಡಿದೆವು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕರೆಗೆ ದುಡ್ಡಿಲ್ಲ. ಕನ್ನಡದಲ್ಲೂ ಮಾತಾಡಬಹುದು. ರಸೀದಿಯ ನಂಬರ್, ದುಡ್ಡು ಕಟ್ಟಿದ ದಿನ ಹೇಳಿ ದೂರು ಬರೆಸಿದೆವು. ಅಕ್ಕನ 1,500 ರೂಪಾಯಿ ವಾಪಸ್ ಬಂತು.

ಆಮೇಲೆ ಮನೆ ಮನೆಗೆ ಹೋದೆವು. "ನಿಮಗೆ ನೆಟ್ ಬೇಕೇ?" ಎಂದು ಕೇಳಿದೆವು. 23 ಮನೆಯವರು ಬೇಕು ಎಂದರು. ಒಂದು ಅರ್ಜಿ ಬರೆದೆವು. ಹೆಬ್ಬೆಟ್ಟು ಒತ್ತುತ್ತಿದ್ದವರೂ ಸಹಿ ಮಾಡಿದರು. ಒಂದು ಪ್ರತಿ ಕಂಪನಿಗೆ, ಒಂದು ಪ್ರತಿ ಗ್ರಾಮಸಭೆಗೆ ಕೊಟ್ಟೆವು. ನಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆವು.

ಎರಡು ತಿಂಗಳಾದ ಮೇಲೆ ಕಂಪನಿಯವರು ಅಳತೆಗೆ ಬಂದರು. ಕಂಬಕ್ಕೆ ಇನ್ನೊಂದು ಪೆಟ್ಟಿಗೆ ಕಟ್ಟಿದರು. ಅದರಲ್ಲಿ 16 ಜಾಗ. ಆ ಅಕ್ಕನ ಮಗಳು ಈಗ ಮನೆಯಲ್ಲೇ ಕೂತು ಪಾಠ ನೋಡುತ್ತಾಳೆ. ಇನ್ನೂ 7 ಮನೆ ಬಾಕಿ ಇವೆ. ಪಂಚಾಯಿತಿಯಿಂದ ಉತ್ತರ ಬಂದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಮತ್ತೆ ಕೇಳುತ್ತೇವೆ.

ಅಕ್ಕಂದಿರೇ, ಇವು ನೆನಪಿರಲಿ

1. ದುಡ್ಡು ಕೊಡುವ ಮೊದಲು "ಪೆಟ್ಟಿಗೆಯಲ್ಲಿ ಜಾಗ ಇದೆಯಾ?" ಎಂದು ಕೇಳಿ.

2. "ಇಷ್ಟು ದಿನದಲ್ಲಿ ಕೊಡುತ್ತೇವೆ, ಇಲ್ಲದಿದ್ದರೆ ದುಡ್ಡು ವಾಪಸ್" ಎಂದು ಬರೆಸಿಕೊಳ್ಳಿ.

3. ರಸೀದಿಯ ಎರಡೂ ಬದಿ ಓದಿ. ಆಮೇಲೆ ಸಹಿ ಹಾಕಿ. ರಸೀದಿ ಜೋಪಾನವಾಗಿ ಇಡಿ.

4. ಒಬ್ಬರೇ ಅಲೆಯಬೇಡಿ. ಬೇಕಾದವರೆಲ್ಲ ಸೇರಿ ಅರ್ಜಿ ಬರೆಯಿರಿ.

5. ಸರ್ಕಾರಿ ಕೆಲಸದ ವಿವರ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಕಟ್ಟಿ ಅರ್ಜಿ ಕೊಡಿ. 30 ದಿನದಲ್ಲಿ ಉತ್ತರ ಕೊಡಬೇಕು.

ಮಾತಾಡೋಣ

ನಿಮ್ಮ ಊರಿನ ಕಂಬದಲ್ಲಿ ಪೆಟ್ಟಿಗೆ ಇದೆಯೇ? ಅದರಲ್ಲಿ ಎಷ್ಟು ಜಾಗ ಇವೆ? ಎಷ್ಟು ಮನೆಯವರು ಕಾಯುತ್ತಿದ್ದಾರೆ? ಅವರ ಹೆಸರುಗಳನ್ನು ಇಂದೇ ಬರೆಯಿರಿ.