ಹಚ್ಚುವುದು ಗೊತ್ತು, ಆರಿಸುವುದು?

ಸಿನಿಮಾ ಹೀರೊ ಸಿಗಾರ್ ಹಚ್ಚುವ ಸ್ಟೈಲಿಗೆ ಮರುಳಾಗುವ ವಯಸ್ಸು ನಮ್ಮದು. ಅದಕ್ಕೂ ಕ್ರಮವಿದೆ: ಕಡ್ಡಿ ಗೀರಿದ ಕೂಡಲೇ ಹಚ್ಚಬಾರದು, ಮದ್ದಿನ ಗಂಧಕ ಉರಿದುಹೋಗಲಿ. ಸಿಗಾರ್ ತುದಿಯನ್ನು ಜ್ವಾಲೆಗೆ ತಾಗಿಸದೆ ತುಸು ಮೇಲೆ ಹಿಡಿದು, ತಿರುಗಿಸುತ್ತಾ ಸಮನಾಗಿ ಕಾಯಿಸಬೇಕು. ಕಾದದ್ದು ಬೇಗ ಹೊತ್ತಿಕೊಳ್ಳುತ್ತದೆ.

ಶ್ರೀರಂಗಪಟ್ಟಣದ ಕರಿಘಟ್ಟದಲ್ಲಿ ಇದೇ ವಿಜ್ಞಾನ ಭಯ ಹುಟ್ಟಿಸುತ್ತದೆ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲೆಲ್ಲ ಗರಿಗರಿ. ಇಳಿಜಾರಿನಲ್ಲಿ ಬೆಂಕಿಯ ಝಳ ಮೇಲಿನ ಹುಲ್ಲನ್ನು ಮೊದಲೇ ಕಾಯಿಸುವುದರಿಂದ ಉರಿ ಮೇಲಕ್ಕೆ ಓಡುತ್ತದೆ. ಆರಿಸದೆ ಎಸೆದ ಒಂದು ತುಂಡು ಸಾಕು, ಕಷ್ಟಪಟ್ಟು ಬೆಳೆಸಿದ ಗಿಡಗಳು ಬೂದಿ.

ರಾಜ್ಯದಲ್ಲೀಗ 21 ತುಂಬದವರಿಗೆ ಸಿಗರೇಟು ಮಾರುವಂತಿಲ್ಲ. ಇಪ್ಪತ್ತರ ನನಗೂ ಸಿಗದು. ದೊಡ್ಡವರೇ, ವೆಂಕಟರಮಣಸ್ವಾಮಿಯ ಬೆಟ್ಟ ಹತ್ತುವಾಗ ಬೀಡಿ, ಸಿಗರೇಟು ಕೆಳಗೇ ಇರಲಿ.