ನಾಯಿಯ ತುರಿಕೆ, ಬಟ್ಟಲಿನ ಚರಿತ್ರೆ

ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಮಳೆ ಎಲ್ಲ ಕಡೆ ಒಂದೇ ತೆರನಾಗಿ ಸುರಿಯುವುದಿಲ್ಲ. ಜೋಯಿಡಾದ ಪಶ್ಚಿಮದ ಅಂಚಿನ ಕ್ಯಾಸಲ್‌ರಾಕ್ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವು ಕೊಡದು. ದಾಂಡೇಲಿ ದಾಟಿ ಹಳಿಯಾಳ, ಮುಂಡಗೋಡಗಳತ್ತ ಬರುತ್ತ ಕಾಡು ತೆಳುವಾಗಿ ಭತ್ತ, ಮೆಕ್ಕೆಜೋಳ, ಕಬ್ಬಿನ ಬಯಲು ತೆರೆದುಕೊಳ್ಳುತ್ತದೆ. ನಾಯಿ ಮೈ ಕೆರೆದುಕೊಳ್ಳುವ ನೋಟಕ್ಕೆ ಮಾತ್ರ ಈ ಭೇದವಿಲ್ಲ. ಹಿಂಗಾಲಿನಿಂದ ಕಿವಿ ಕೆದರುವುದು, ಪಾದದ ಬೆರಳುಸಂದಿಯನ್ನು ಬಿಡದೆ ನೆಕ್ಕುವುದು, ಬಾಲದ ಬುಡ ಕಚ್ಚಿ ಕಚ್ಚಿ ಕೂದಲುದುರಿ ಹಸಿಯಾಗುವುದು ನಾಲ್ಕೂ ತಾಲ್ಲೂಕುಗಳಲ್ಲಿ ಕಾಣುವ ಸಂಗತಿ. ಮನೆಯವರ ತೀರ್ಪೂ ಹೆಚ್ಚುಕಡಿಮೆ ಒಂದೇ: ಕೋಳಿ ಹಾಕಿದ್ದು ನಂಜಾಯಿತು. ಈ ತೀರ್ಪಿನಲ್ಲಿ ಸತ್ಯದ ಅಂಶ ಇಲ್ಲದಿಲ್ಲ, ಆದರೆ ಅದು ವಿಚಾರಣೆಗೆ ಮೊದಲೇ ಕೊಟ್ಟ ತೀರ್ಪು.

ದಟ್ಟ ಕೂದಲ ಮರೆಯಲ್ಲಿರುವ ನಾಯಿಯ ಚರ್ಮ ಗಟ್ಟಿಯೆಂದು ತೋರುತ್ತದೆ. ವಾಸ್ತವದಲ್ಲಿ ಕೂದಲಿರುವ ಭಾಗಗಳಲ್ಲಿ ಹೊರಚರ್ಮದ ಜೀವಂತ ಪದರ ಮೂರರಿಂದ ಐದು ಕೋಶಗಳಷ್ಟೇ ದಪ್ಪ, ಮನುಷ್ಯನದಕ್ಕಿಂತ ಬಹಳ ತೆಳು. ಮನುಷ್ಯನ ಚರ್ಮ ಆಮ್ಲೀಯತೆಯತ್ತ ವಾಲಿದ್ದರೆ ನಾಯಿಯ ಚರ್ಮ ತಟಸ್ಥತೆಗೆ ಹತ್ತಿರ. ಮನೆಮಂದಿಯ ಸಾಬೂನು ಅದಕ್ಕೆ ಹಿಡಿಸದಿರಲು ಇದೂ ಒಂದು ಕಾರಣ. ಈ ತೆಳು ಪದರದ ಕೋಶಗಳ ನಡುವಿನ ಕೊಬ್ಬಿನಂಶ ನೀರನ್ನು ಒಳಗೂ ಧೂಳು, ಸೂಕ್ಷ್ಮಜೀವಿಗಳನ್ನು ಹೊರಗೂ ಇರಿಸುತ್ತದೆ. ಅದು ಸಡಿಲಗೊಂಡ ಕಡೆ ಪರಕೀಯ ಪ್ರೋಟೀನುಗಳು ಒಳಹೊಕ್ಕು ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುತ್ತವೆ.

ಮೊದಲ ಭೇಟಿಯಲ್ಲಿ ಹೊರಗೆ ಏನೂ ಕಾಣದು. ಒಳಗೆ ಮಾತ್ರ ಆ ಪ್ರೋಟೀನಿಗೆಂದೇ ತಯಾರಾದ ಐಜಿಇ ಎಂಬ ಪ್ರತಿಕಾಯಗಳು ಚರ್ಮದ ಮಾಸ್ಟ್ ಕೋಶಗಳ ಮೈಮೇಲೆ ಕುಳಿತುಕೊಂಡು ಕಾಯುತ್ತವೆ. ಅದೇ ಪ್ರೋಟೀನು ಮತ್ತೆ ಬಂದಾಗ ಆ ಕೋಶಗಳು ಒಡಲಲ್ಲಿದ್ದ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಸುರಿಯುತ್ತವೆ. ನಾಯಿಯ ತುರಿಕೆಗೆ ಹಿಸ್ಟಮಿನ್‌ಗಿಂತ ಮುಖ್ಯವಾದದ್ದು ಇಂಟರ್‌ಲ್ಯೂಕಿನ್-31 ಎಂಬ ಸಂದೇಶವಾಹಕ. ಅದು ನರತಂತುಗಳನ್ನು ನೇರವಾಗಿ ಕೆಣಕುತ್ತದೆ. ಹಿಸ್ಟಮಿನ್ ತಡೆಯುವ ಮನುಷ್ಯರ ನೆಗಡಿ ಮಾತ್ರೆ ನಾಯಿಯ ತುರಿಕೆಯನ್ನು ಹೆಚ್ಚಾಗಿ ಶಮನಗೊಳಿಸದಿರುವುದು ಈ ಕಾರಣದಿಂದ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅಲರ್ಜಿ ಎಂಬ ಹೆಸರನ್ನು ಬಳಕೆಗೆ ತಂದದ್ದು 1906ರಲ್ಲಿ, ಇಶಿಜಾಕಾ ದಂಪತಿ ಐಜಿಇಯನ್ನು ಗುರುತಿಸಿದ್ದು 1966ರಲ್ಲಿ. ಇವೆರಡರ ನಡುವೆ, 1941ರಲ್ಲಿ, ಅಮೆರಿಕದ ವೈದ್ಯ ವಿಟಿಚ್ ರಾಗ್‌ವೀಡ್ ಗಿಡದ ಪರಾಗ ಒಗ್ಗದ ನಾಯಿಯೊಂದರ ವಿವರ ಪ್ರಕಟಿಸಿದರು. ಹೊಲದ ಬದುವಿನಲ್ಲೂ ರಸ್ತೆಯಂಚಿನಲ್ಲೂ ಬಿಳಿ ಹೂ ಬಿಟ್ಟು ನಿಲ್ಲುವ ಪಾರ್ಥೇನಿಯಂ ಆ ರಾಗ್‌ವೀಡಿನ ದಾಯಾದಿಯೇ.

ತುರಿಕೆಯ ವಿಚಾರಣೆಗೆ ಒಂದು ಕ್ರಮವಿದೆ. ಆ ಕ್ರಮದಲ್ಲಿ ಆಹಾರ ಮೊದಲು ಬರುವುದಿಲ್ಲ. ಮೊದಲು ಬರುವುದು ಚಿಗಟ. ಅದರ ಜೊಲ್ಲಿನ ಪ್ರೋಟೀನು ಒಗ್ಗದ ನಾಯಿಗೆ ಕೆಲವೇ ಕಡಿತ ಸಾಕು, ಸೊಂಟದಿಂದ ಬಾಲದ ಬುಡದವರೆಗೆ ಚರ್ಮ ಕೆಂಪಾಗುತ್ತದೆ. ಮೈತುಂಬ ಹುಡುಕಿದರೂ ಚಿಗಟ ಸಿಗದೆ ಹೋಗಬಹುದು, ಏಕೆಂದರೆ ಒಂದೇ ಸಮನೆ ಕಚ್ಚಿಕೊಳ್ಳುವ ನಾಯಿ ಅವನ್ನು ನುಂಗಿಬಿಟ್ಟಿರುತ್ತದೆ. ಉಳಿಯುವುದು ಅದರ ಹಿಕ್ಕೆ. ಹೇನು ತೆಗೆಯುವ ಹಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕರಿ ಕಣಗಳನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲಿಟ್ಟರೆ ಮಣ್ಣಾದರೆ ಕಪ್ಪಾಗಿಯೇ ಇರುತ್ತದೆ, ಚಿಗಟದ ಹಿಕ್ಕೆಯಾದರೆ ಸುತ್ತಲೂ ತುಕ್ಕುಗೆಂಪು ಹರಡುತ್ತದೆ. ಅದು ನಾಯಿಯದೇ ರಕ್ತ, ಅರೆಬರೆ ಜೀರ್ಣವಾದದ್ದು.

ಕಣ್ಣಿಗೆ ಕಾಣುವ ಬೆಳೆದ ಚಿಗಟ ಒಟ್ಟು ಸಂತತಿಯ ನೂರಕ್ಕೆ ಐದರಷ್ಟು ಮಾತ್ರ ಎಂಬುದು ಸಾಮಾನ್ಯ ಅಂದಾಜು. ಉಳಿದದ್ದೆಲ್ಲ ಮೊಟ್ಟೆ, ಮರಿಹುಳು, ಗೂಡುಗಳ ರೂಪದಲ್ಲಿ ನಾಯಿ ಮಲಗುವ ಗೋಣಿಚೀಲದಲ್ಲಿ, ಕಟ್ಟಿಗೆ ಒಟ್ಟಿದ ಮೂಲೆಯಲ್ಲಿ, ಕೊಟ್ಟಿಗೆಯ ನೆಲದ ಬಿರುಕಿನಲ್ಲಿ ಇರುತ್ತದೆ. ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹತ್ತಿರ ಯಾರೋ ನಡೆದಾಡಿದ ಕಂಪನ, ಮೈಯ ಬಿಸುಪು ತಾಗಿದರೆ ಹೊರಬೀಳುತ್ತದೆ. ನಾಯಿಗೆ ಔಷಧಿ ಹಾಕಿದ ಹದಿನೈದೇ ದಿನಕ್ಕೆ ಚಿಗಟ ಮತ್ತೆ ಕಾಣಿಸಿಕೊಂಡರೆ ಔಷಧಿಯನ್ನು ದೂರಿ ಫಲವಿಲ್ಲ. ಚೀಲ ಕುದಿಯುವ ನೀರು ಕಂಡಿರುವುದಿಲ್ಲ, ಮನೆಯ ಬೆಕ್ಕು ಲೆಕ್ಕಕ್ಕೆ ಬಂದಿರುವುದಿಲ್ಲ. ಆದರೆ ನಾಯಿಗೆ ಹಾಕುವ ಪರ್ಮೆಥ್ರಿನ್ ಬೆರೆತ ಔಷಧಿ ಬೆಕ್ಕಿಗೆ ಪ್ರಾಣಾಂತಕ.

ಕಾಡಂಚಿನ ಊರುಗಳಲ್ಲಿ ಉಣ್ಣಿಯ ಕಾಟವೂ ಸೇರುತ್ತದೆ. ಅದರ ಜೊತೆಗೆ ಕಜ್ಜಿ. ಕಿವಿಯ ಅಂಚು, ಮೊಣಕೈಗಳಲ್ಲಿ ಆರಂಭವಾಗುವ ಸಾರ್ಕಾಪ್ಟಿಸ್ ನುಸಿಯ ಕಜ್ಜಿ ಅಲರ್ಜಿಯನ್ನೇ ಹೋಲುತ್ತದೆ, ಮನೆಯವರಿಗೂ ತಾತ್ಕಾಲಿಕವಾಗಿ ಅಂಟುತ್ತದೆ. ಪಶು ಆಸ್ಪತ್ರೆಯಲ್ಲಿ ಚರ್ಮವನ್ನು ತುಸು ಕೆರೆದು ಸೂಕ್ಷ್ಮದರ್ಶಕದಡಿ ನೋಡುವುದು ಇದನ್ನು ಹುಡುಕಲು. ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ ಬಳಿಯುವ ಹಳೆಯ ರೂಢಿ ಇನ್ನೂ ಪೂರ್ತಿ ನಿಂತಿಲ್ಲ. ನುಸಿ ಸಾಯುವುದೋ ಇಲ್ಲವೋ, ಮೈ ನೆಕ್ಕಿಕೊಳ್ಳುವ ನಾಯಿಯ ಹೊಟ್ಟೆಗೆ ಮಾತ್ರ ಆ ವಿಷ ಖಂಡಿತ ಸೇರುತ್ತದೆ.

ಇವೆಲ್ಲ ಕಳೆದ ಮೇಲೂ ವರ್ಷದ ಹನ್ನೆರಡು ತಿಂಗಳೂ ತುರಿಕೆ ನಿಲ್ಲದಿದ್ದರೆ, ಕಿವಿ ಪದೇ ಪದೇ ಸೋರುತ್ತಿದ್ದರೆ, ಮಲ ಸಡಿಲವಾಗುತ್ತಿದ್ದರೆ, ಆಹಾರದ ಸರದಿ ಬರುತ್ತದೆ. ಹಾಲು ಕುಡಿದು ಭೇದಿಯಾಗುವುದು ಬೇರೆ ಸಂಗತಿ. ಬೆಳೆದ ನಾಯಿಯ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಕಡಿಮೆಯಾಗಿರುವುದರಿಂದ ಅದು ಆಗುತ್ತದೆ. ಅಲರ್ಜಿಯಲ್ಲಿ ತಕರಾರಿರುವುದು ಪ್ರೋಟೀನಿನ ಮೇಲೆ. ಮ್ಯೂಲರ್, ಒಲಿವ್ರಿ, ಪ್ರೆಲೊ ಎಂಬ ಪಶು ಚರ್ಮತಜ್ಞರು 2016ರಲ್ಲಿ ಹಳೆಯ ವರದಿಗಳಿಂದ 297 ನಾಯಿಗಳ ವಿವರ ಒಟ್ಟುಗೂಡಿಸಿದಾಗ ದನದ ಮಾಂಸ ನೂರಕ್ಕೆ 34 ನಾಯಿಗಳಿಗೂ ಹಾಲಿನ ಪದಾರ್ಥ 17ಕ್ಕೂ ಕೋಳಿ 15ಕ್ಕೂ ಗೋಧಿ 13ಕ್ಕೂ ಒಗ್ಗದೆ ಇದ್ದುದು ಕಂಡಿತು. ಅಕ್ಕಿ, ಮೀನು ತೀರ ಕೆಳಗಿದ್ದವು, ನೂರಕ್ಕೆ ಎರಡರ ಆಸುಪಾಸು. ಈ ಪಟ್ಟಿಯನ್ನು ಅಪಾಯದ ಶ್ರೇಣಿಯೆಂದು ಓದುವುದು ತಪ್ಪಾದೀತು. ದೇಹ ತಾನು ಕಂಡರಿಯದ ಪ್ರೋಟೀನಿನ ವಿರುದ್ಧ ಪ್ರತಿಕಾಯ ತಯಾರಿಸಿಟ್ಟಿರುವುದಿಲ್ಲ. ಹೆಚ್ಚಾಗಿ ಒಗ್ಗದೆ ಹೋಗುವುದು ವರ್ಷಗಟ್ಟಲೆ ತಿಂದದ್ದೇ. ಆ ಅಂಕಿಗಳಲ್ಲಿ ಆಯಾ ದೇಶದ ನಾಯಿಗಳ ಬಟ್ಟಲಿಗೆ ಬಿದ್ದದ್ದರ ಲೆಕ್ಕವೂ ಇದೆ.

ಹಾಗಾಗಿ ಪ್ರಶ್ನೆ ಪ್ರತಿ ಮನೆಗೂ ಬೇರೆಯಾಗುತ್ತದೆ. ಎಮ್ಮೆ ಸಾಕುವ ಗೌಳಿಗರ ದಡ್ಡಿಯಲ್ಲಿ ನಾಯಿಯ ಪಾಲಿಗೆ ರೊಟ್ಟಿಯ ಜೊತೆ ಮಜ್ಜಿಗೆ ಬರುವುದು ಸಹಜ. ಅಲ್ಲಿನ ನಾಯಿಗೆ ಹಾಲಿನ ಪ್ರೋಟೀನು ಒಗ್ಗದಿದ್ದರೆ ಎಮ್ಮೆಯದು ಬಿಟ್ಟು ಆಕಳದು ಕೊಟ್ಟು ಪ್ರಯೋಜನವಿಲ್ಲ. ಎರಡೂ ಪ್ರೋಟೀನುಗಳು ಅಷ್ಟು ಸಮೀಪದವು. ಹಾಲು ಒಗ್ಗದ ನಾಯಿಗೆ ದನದ ಮಾಂಸವೂ ಒಗ್ಗದೆ ಹೋಗಬಹುದು, ಕೋಳಿ ಒಗ್ಗದ್ದಕ್ಕೆ ಬೇರೆ ಹಕ್ಕಿಗಳ ಮಾಂಸವೂ. ಮುಂಡಗೋಡದ ಟಿಬೆಟನ್ ಕಾಲೊನಿ ನೆಲೆಗೊಂಡದ್ದು 1966ರಲ್ಲಿ. ಥುಕ್ಪಾ, ಮೊಮೊಗಳ ಅಡುಗೆಮನೆಯಲ್ಲಿ ಗೋಧಿಹಿಟ್ಟು ಅನಿವಾರ್ಯ, ಹೀಗಾಗಿ ಅಲ್ಲಿನ ನಾಯಿಗೆ ಗೋಧಿ ಹಳೆಯ ಪರಿಚಯ. ಟಿಬೆಟ್ಟಿನ ಮಠಗಳಲ್ಲಿ ಬೆಳೆದುಬಂದ ಲಾಸಾ ಆಪ್ಸೊ ತಳಿ, ಪೇಟೆಮನೆಗಳ ಅಚ್ಚುಮೆಚ್ಚಿನ ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್ ಚರ್ಮದ ಅಲರ್ಜಿಗೆ ಹೆಚ್ಚು ಒಳಗಾಗುವ ತಳಿಗಳೆಂದು ಹೆಸರಾಗಿವೆ. ದಾಂಡೇಲಿಯ ಮನೆಯೊಂದರಲ್ಲಿ ಮರಿಯಾಗಿದ್ದಾಗಿನಿಂದ ಕೋಳಿ ಅಂಗಡಿಯ ತಲೆ-ಕಾಲು ಬೇಯಿಸಿ ಹಾಕಿ ಬೆಳೆಸಿದ ಲ್ಯಾಬ್ರಡಾರ್‌ಗೆ ಕೋಳಿ ಬೆರೆತ ದುಬಾರಿ ಪೊಟ್ಟಣದ ಆಹಾರ ಯಾವ ಅರ್ಥದಲ್ಲೂ ಹೊಸದಲ್ಲ.

ಒಗ್ಗದ್ದು ಯಾವುದೆಂದು ತಿಳಿಯಲು ರಕ್ತ, ಜೊಲ್ಲು, ಕೂದಲಿನ ಪರೀಕ್ಷೆಗಳನ್ನು ಮಾರುವವರಿದ್ದಾರೆ. ಆಹಾರದ ಅಲರ್ಜಿಯ ಮಟ್ಟಿಗೆ ಅವುಗಳ ಫಲಿತಾಂಶ ನಂಬಲರ್ಹವಲ್ಲ. ನಂಬಬಹುದಾದ ದಾರಿ ಒಂದೇ, ನಿಧಾನದ್ದು: ವರ್ಜನ ಆಹಾರ ಪರೀಕ್ಷೆ. ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನು, ಒಂದು ಪಿಷ್ಟ, ಉಳಿದದ್ದೆಲ್ಲ ಬಂದ್. ಘಟ್ಟ ಹತ್ತಿ ಬರುವ ಕಾರವಾರ, ಅಂಕೋಲಾ ಕಡೆಯ ಮೀನು ಎಷ್ಟೋ ಮನೆಗಳಲ್ಲಿ ಈ ಕೆಲಸಕ್ಕೆ ಆಗುತ್ತದೆ, ಕರಾವಳಿಯ ಮೂಲದ ಮನೆಯಾದರೆ ಆಗದು. ಒಣಮೀನಿನಲ್ಲಿ ಉಪ್ಪು ವಿಪರೀತ. ಬಂಗಡೆ ಹಳಸಿದರೆ ಅದರಲ್ಲಿ ಬ್ಯಾಕ್ಟೀರಿಯಾ ತಯಾರಿಸಿದ ಹಿಸ್ಟಮಿನ್ ಕೂಡಿಕೊಳ್ಳುತ್ತದೆ, ಬೇಯಿಸಿದರೂ ಹೋಗುವುದಿಲ್ಲ, ಪರೀಕ್ಷೆಯನ್ನೇ ಗೊಂದಲಕ್ಕೆ ದೂಡಬಲ್ಲದು. ಆದ್ದರಿಂದ ಮೀನು ತಾಜಾ ಇರಬೇಕು, ಮುಳ್ಳು ಬಿಡಿಸಿರಬೇಕು, ಒಗ್ಗರಣೆಯಿರಬಾರದು, ಈರುಳ್ಳಿಯಂತೂ ಕೂಡದು. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಪಿಷ್ಟಕ್ಕೆ ಜೋಯಿಡಾದಲ್ಲಿ ಕೊರತೆಯಿಲ್ಲ, ಕುಣಬಿಗಳು ಬೆಳೆಯುವ ಗೆಡ್ಡೆ-ಗೆಣಸುಗಳಿಗೆ ಆ ಸೀಮೆ ಹೆಸರುವಾಸಿ. ಬೇಯಿಸಿದ ಸಿಹಿಗೆಣಸು ನಿರಪಾಯ. ಕೆಸುವಿನ ಗೆಡ್ಡೆಯ ಆಕ್ಸಲೇಟ್ ಹರಳುಗಳು ಬಾಯಿ ತುರಿಸುವಂತೆ ಮಾಡುವುದರಿಂದ ತುರಿಕೆಯ ನಾಯಿಗೆ ಅದು ಬೇಡ.

ಪರೀಕ್ಷೆ ಎಂಟು ವಾರ ನಡೆಯಬೇಕು. ಆಹಾರದ ಅಲರ್ಜಿಯಿರುವ ನಾಯಿಗಳಲ್ಲಿ ಐದು ವಾರಕ್ಕೆ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು, ಎಂಟು ವಾರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಚೇತರಿಸಿಕೊಂಡದ್ದು ದಾಖಲಾಗಿದೆ. ಹೊರಚರ್ಮವೊಂದು ಪೂರ್ತಿ ಹೊಸದಾಗಲು ಸುಮಾರು ಮೂರು ವಾರ ಬೇಕು ಎಂಬುದನ್ನು ನೆನೆದರೆ ಈ ಅವಧಿ ದೀರ್ಘವೆನಿಸದು. ಸೋಲು ಬರುವುದು ಸಾಮಾನ್ಯವಾಗಿ ಸಣ್ಣ ಸಣ್ಣ ಸಂದುಗಳಿಂದ. ಚಹಾ ಹೊತ್ತಿಗೆ ಅಜ್ಜ ಮುರಿದು ಹಾಕುವ ಬಿಸ್ಕೀಟು, ಬೆಕ್ಕಿನ ತಟ್ಟೆ, ಕೋಳಿಯ ರುಚಿ ಬೆರೆಸಿದ ಜಂತುಹುಳದ ಮಾತ್ರೆ ಇವುಗಳಲ್ಲಿ ಯಾವುದಾದರೂ ಒಂದು ಸಾಕು. ತುರಿಕೆ ಇಳಿದ ಮೇಲೆ ಇನ್ನೊಂದು ಹೆಜ್ಜೆ ಬಾಕಿ ಇರುತ್ತದೆ, ಬಹುತೇಕರು ಅದನ್ನು ಬಿಟ್ಟುಬಿಡುತ್ತಾರೆ. ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಅಲರ್ಜಿಯಾಗಿದ್ದರೆ ಹೆಚ್ಚಿನವುಗಳಲ್ಲಿ ಎರಡು ವಾರದೊಳಗೆ ತುರಿಕೆ ಮರಳುತ್ತದೆ. ಮರಳದಿದ್ದರೆ ಗುಣವಾದದ್ದು ಊಟದಿಂದಲ್ಲ, ಋತು ಬದಲಾದದ್ದರಿಂದ ಇರಬಹುದು.

ಧಾನ್ಯವೇ ನಾಯಿಗೆ ಶತ್ರು ಎಂಬ ಪ್ರಚಾರದ ಬಗ್ಗೆಯೂ ಒಂದು ಮಾತು. ಸ್ವೀಡನ್ನಿನ ಸಂಶೋಧಕರು 2013ರಲ್ಲಿ ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿದಾಗ ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವದ ಜೀನಿನ ಎರಡು ಪ್ರತಿಗಳು ತೋಳದಲ್ಲಿದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇದ್ದವು. ಮನುಷ್ಯನ ಅಂಗಳದಲ್ಲಿ ಅನ್ನ-ರೊಟ್ಟಿ ತಿಂದು ಬದುಕಿದ ಸಾವಿರಾರು ವರ್ಷಗಳ ಗುರುತು ಅದು. ಗೋಧಿ ಒಗ್ಗದ ನಾಯಿಗಳಿವೆ, ಆದರೆ ಅನ್ನ ಬಿಡಿಸಬೇಕಾದ ನಾಯಿಗಳು ತೀರ ಕಡಿಮೆ. ಮೀನು-ಗೆಣಸಿನ ಊಟವನ್ನೇ ವರ್ಷಗಟ್ಟಲೆ ಮುಂದುವರಿಸುವುದು ಇನ್ನೊಂದು ತುದಿಯ ತಪ್ಪು. ಅದರಲ್ಲಿ ಸುಣ್ಣದಂಶ, ಸತು ಸಾಲದು. ಬೆಳೆಯುವ ಮರಿಯ ಮೂಳೆ ಮೊದಲು ಅದರ ಬೆಲೆ ತೆರುತ್ತದೆ.

ಊಟವೂ ನಿರಪರಾಧಿ ಎಂದಾದರೆ ಉಳಿಯುವುದು ಅಟೋಪಿಕ್ ಡರ್ಮಟೈಟಿಸ್, ಪರಿಸರದ ವಸ್ತುಗಳು ಒಗ್ಗದ ಜೀವಮಾನದ ತೊಂದರೆ. ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ತಲೆಯೆತ್ತುತ್ತದೆ. ಮುಖ್ಯ ಆರೋಪಿ ಮನೆಧೂಳಿನ ನುಸಿ. ಗಾಳಿಯ ತೇವವನ್ನು ಹೀರಿಕೊಂಡೇ ಬದುಕುವ ಈ ಜೀವಿಗೆ ಮಳೆಗಾಲದಲ್ಲಿ ಒಣಗದ ಹಾಸಿಗೆ, ಕಂಬಳಿಗಳು ಸುಗ್ಗಿ. ಈ ತೊಂದರೆ ಪೂರ್ತಿ ವಾಸಿಯಾಗದು, ಹತೋಟಿಗೆ ಬರುತ್ತದೆ. ಇಂಟರ್‌ಲ್ಯೂಕಿನ್-31ರ ಸಂದೇಶವನ್ನು ತಡೆಯುವ ಒಕ್ಲಾಸಿಟಿನಿಬ್ ಎಂಬ ಮಾತ್ರೆ ಅಮೆರಿಕದಲ್ಲಿ 2013ರಲ್ಲಿ ಅನುಮತಿ ಪಡೆಯಿತು. ಸ್ಟೀರಾಯ್ಡ್ ಅಗ್ಗ, ಬೇಗ ಕೆಲಸ ಮಾಡುತ್ತದೆ, ದೀರ್ಘಕಾಲ ಕೊಟ್ಟರೆ ಬಾಯಾರಿಕೆ, ಹಸಿವು, ಸೋಂಕು ಹೆಚ್ಚಿಸುತ್ತದೆ. ಕೆರೆದು ಹಾಳಾದ ಚರ್ಮದಲ್ಲಿ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ, ಮಲಸೀಜಿಯಾ ಎಂಬ ಯೀಸ್ಟ್ ಬೆಳೆದು ಹಳಸಿದ ಎಣ್ಣೆಯ ವಾಸನೆ ಬರುತ್ತದೆ. ಅದನ್ನು ಮೊದಲು ಹತೋಟಿಗೆ ತರದೆ ಕೊಟ್ಟ ಅಲರ್ಜಿಯ ಔಷಧಿ ಅರ್ಧ ವ್ಯರ್ಥ.

ಈ ಇಡೀ ಕ್ರಮ ನಾಯಿ ಒಂದೇ ಮನೆಯಲ್ಲಿ ಉಣ್ಣುತ್ತದೆಂದು ನಂಬಿ ರೂಪಿಸಿದ್ದು. ಜೋಯಿಡಾದ ಹಳ್ಳಿಗಳಲ್ಲಿ, ದಾಂಡೇಲಿಯ ಬಡಾವಣೆಗಳಲ್ಲಿ ಎಷ್ಟೋ ನಾಯಿಗಳು ನಾಲ್ಕೈದು ಬಾಗಿಲಿಗೆ ಸೇರಿದವು. ಬೆಳಿಗ್ಗೆ ಒಂದೆಡೆ ರೊಟ್ಟಿ, ಸಂಜೆ ಇನ್ನೊಂದೆಡೆ ಮೂಳೆ. ಅವುಗಳಿಗೆ ಎಂಟು ವಾರದ ಪಥ್ಯ ನಡೆಸುವುದು ಕನಸಿನ ಮಾತು. ಅಂಥಲ್ಲಿ ಪಶುವೈದ್ಯರು ಆಹಾರವನ್ನು ಬದಿಗಿಟ್ಟು ಚಿಗಟ, ಉಣ್ಣಿ, ಕಜ್ಜಿಗಳಿಗೆ ಒಟ್ಟಿಗೇ ಕೆಲಸ ಮಾಡುವ ಐಸಾಕ್ಸಜೋಲಿನ್ ವರ್ಗದ ಮಾತ್ರೆಯನ್ನು ತೂಕಕ್ಕೆ ತಕ್ಕಂತೆ ಕೊಟ್ಟು, ಕ್ಲೋರ್‌ಹೆಕ್ಸಿಡಿನ್ ಶಾಂಪೂವಿನಿಂದ ಸ್ನಾನ ಮಾಡಿಸಲು ಹೇಳಿ ಒಂದು ತಿಂಗಳು ನೋಡುತ್ತಾರೆ. ಬೀದಿಯ ನಾಯಿಗಳ ತುರಿಕೆಯಲ್ಲಿ ಗಣನೀಯ ಭಾಗ ಅಷ್ಟಕ್ಕೇ ಇಳಿಯುತ್ತದೆ.